ರೇವಣಪ್ಪನವರು ಪಾಸು ಮಾಡಿದ ಹಲ್ಲು

ರೇವಣಪ್ಪನವರಿಗೆ ಹಲ್ಲುನೋವು ಬಂದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಮನೆಯಲ್ಲಿ ಮುಚ್ಚಿಟ್ಟದ್ದು. ಬೇರೆಯವರ ಮನೆಯಲ್ಲಾದರೆ ಇದರಲ್ಲಿ ಹೇಳುವಂಥದ್ದೇನೂ ಇಲ್ಲ. ಆದರೆ ಇವರ ಒಬ್ಬಳೇ ಮಗಳು ವೈಷ್ಣವಿ ಹಲ್ಲಿನ ಡಾಕ್ಟರು. ಬರೀ ಡಾಕ್ಟರಲ್ಲ, ಛತ್ರಪತಿ ಸಂಭಾಜಿನಗರದ ಒಂದು ಡೆಂಟಲ್ ಕಾಲೇಜಿನಲ್ಲಿ ರೂಟ್ ಕೆನಾಲ್ ವಿಷಯದಲ್ಲೇ ಎಂಡಿಎಸ್ ಓದುತ್ತಿರುವವಳು, ಅದೂ ಕೊನೆಯ ವರ್ಷ. ಅವಳಿಗೆ ಸುದ್ದಿ ಮುಟ್ಟಿದರೆ 'ಬರ್ರಿ ಅಪ್ಪಾ, ನಾನೇ ಮಾಡ್ತೀನಿ' ಅನ್ನುತ್ತಾಳೆ. ಆ ಮಾತಿಗೆ ಇಲ್ಲ ಎನ್ನುವ ಧೈರ್ಯ ರೇವಣಪ್ಪನವರಿಗಿರಲಿಲ್ಲ. ಹೂಂ ಎನ್ನುವ ಧೈರ್ಯವಂತೂ ಮೊದಲೇ ಇರಲಿಲ್ಲ.

ಯಾಕೆಂದರೆ ವೈಷ್ಣವಿ ಇನ್ನೂ ಕಲಿಯುತ್ತಿದ್ದಳು, ಕಲಿಯುವವರ ಕೈಗೆ ಕೆಲಸ ಕೊಡಬಾರದೆನ್ನುವುದು ರೇವಣಪ್ಪನವರ ರಕ್ತದಲ್ಲೇ ಇಳಿದಿತ್ತು. ಬೀದರ್ ಜಿಲ್ಲೆಯ ಭಾಲ್ಕಿಯಿಂದ ಐಟಿಐ ಮುಗಿಸಿ ಬಂದು ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆ ಸೇರಿದವರು, ಇಂಧನ ಟ್ಯಾಂಕುಗಳ ವಿಭಾಗದಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ವಿಮಾನದ ಇಂಧನವನ್ನು ತುಂಬುವುದು ಅದರ ರೆಕ್ಕೆಯ ಹೊಟ್ಟೆಯೊಳಗೆ. ಅಲ್ಲಿನ ಒಂದೊಂದು ಜೋಡಣೆಗೂ ಸೀಲಂಟ್ ಎಂಬ ಅಂಟನ್ನು ಮೆತ್ತಿ ಮುಚ್ಚಬೇಕು. ರೇವಣಪ್ಪನವರು ಟಾರ್ಚು ಹಿಡಿದು ಆ ಇಕ್ಕಟ್ಟಿನಲ್ಲಿ ತೆವಳಿ, ಒಳಗಿಂದಲೇ ಎಷ್ಟೋ ಹುಡುಗರನ್ನು ಬೈದು ಕೆಲಸ ಮತ್ತೊಮ್ಮೆ ಮಾಡಿಸಿದ್ದರು.

ಅವರ ಸೂತ್ರ ಒಂದೇ. ಎರಡು ತಗಡು ಕೂಡಿಸಿ ಒತ್ತಿದಾಗ ಅಂಟು ಅಂಚಿನುದ್ದಕ್ಕೂ ಒಂದಿಷ್ಟು ಹೊರಗೆ ಉಕ್ಕಿ ಬರಬೇಕು. ಬಂದರೆ ಒಳಗೆ ಪೂರ್ತಿ ತುಂಬಿದೆ ಎಂದರ್ಥ, ಬಾರದಿದ್ದರೆ ಎಲ್ಲೋ ಪೊಳ್ಳಿದೆ ಎಂದರ್ಥ. ಕಾರ್ಖಾನೆಗೆ ಸರಿಯಾದ ಈ ಸೂತ್ರವನ್ನು ಅವರು ಮನೆಗೂ ತಂದರು. ಬಚ್ಚಲಿಗೆ ಟೈಲ್ಸ್ ಹಾಕಿದ ಗೌಂಡಿ, ಸಿಮೆಂಟು ಸಂದಿಯಿಂದ ಹೊರಗೆ ಬಂದಿಲ್ಲವೆಂಬ ಕಾರಣಕ್ಕೆ ಅರ್ಧ ಗೋಡೆ ಕಿತ್ತು ಮತ್ತೆ ಕಟ್ಟಬೇಕಾಯಿತು. ಯುಗಾದಿಯ ದಿನ ಹೆಂಡತಿ ಶಾಂತಾಬಾಯಿ ತಟ್ಟಿದ ಹೋಳಿಗೆಯನ್ನು ಬೆಳಕಿಗೆ ಹಿಡಿದು, "ಹೂರಣ ಅಂಚಿಗಿ ಬಂದಿಲ್ಲ ನೋಡು" ಎಂದಿದ್ದರು. ಶಾಂತಾಬಾಯಿ ಆ ಹೋಳಿಗೆಯನ್ನು ಅವರ ಕೈಯಿಂದ ಕಸಿದುಕೊಂಡು ತಾವೇ ತಿಂದಿದ್ದರು.

ಇಂಥ ಮನುಷ್ಯ ಕಲಿಯುವ ಹುಡುಗಿಯ ಮುಂದೆ ಬಾಯಿ ತೆರೆಯುವುದು ಹೇಗೆ? ಹಾಗೆಂದು ಮಗಳ ಮೇಲೆ ಪ್ರೀತಿಯಿಲ್ಲವೆಂದುಕೊಳ್ಳಬೇಡಿ. ಅವಳ ಹೆಸರೆತ್ತಿದರೆ ಸಾಕು, ಅವರ ಮಾತು ನಿಲ್ಲುತ್ತಿರಲಿಲ್ಲ. ಅದಕ್ಕೇ ಹೆದರಿಕೆ. ಹುಟ್ಟಿಸಿದ ಅಪ್ಪನೇ ತನ್ನನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹಲ್ಲು ತೋರಿಸಿದನೆಂದು ಗೊತ್ತಾದರೆ ಆ ಹುಡುಗಿಯ ಮನಸ್ಸು ಮುರಿದುಹೋಗುತ್ತದೆ. ಅಪ್ಪ ನಂಬದ ಡಾಕ್ಟರನ್ನು ಊರು ಯಾಕೆ ನಂಬಬೇಕು? ಆದ್ದರಿಂದ ಹಲ್ಲೂ ಸರಿಯಾಗಬೇಕು, ಮಗಳಿಗೂ ಗೊತ್ತಾಗಬಾರದು. ಎರಡನ್ನೂ ಒಟ್ಟಿಗೆ ಸಾಧಿಸಿಬಿಡುತ್ತೇನೆ ಎಂದು ರೇವಣಪ್ಪನವರು ನಂಬಿದ್ದರು.

ಈ ಗುಟ್ಟು ಮೊದಲು ಒಡೆದದ್ದು ಭುಜಂಗ ಅವರ ಹೋಟೆಲಿನಲ್ಲಿ. ಭುಜಂಗ ಕಾರ್ಕಳದ ಕಡೆಯವರು, ನಾಶಿಕದ ದ್ವಾರಕಾ ಸರ್ಕಲ್ಲಿನ ಹತ್ತಿರ ಶಾಕಾಹಾರಿ ಹೋಟೆಲಿಟ್ಟವರು. ರೇವಣಪ್ಪನವರು ನಿವೃತ್ತರಾದ ಮೇಲೆ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ದೋಸೆ ತಿನ್ನುವುದೂ ಇಡೀ ಹೋಟೆಲನ್ನು ಕಣ್ಣಲ್ಲೇ ಇನ್ಸ್‌ಪೆಕ್ಷನ್ ಮಾಡುವುದೂ ವಾಡಿಕೆಯಾಗಿತ್ತು. ಆ ದಿನ ಅವರು ದೋಸೆಯನ್ನು ಒಂದೇ ಬದಿಗೆ ಸರಿಸಿಕೊಂಡು ಮೆಲ್ಲುತ್ತಿದ್ದುದನ್ನು ಭುಜಂಗ ಗಲ್ಲಾದಿಂದಲೇ ನೋಡಿದರು. ಹೋಟೆಲಿನವರಿಗೆ ಗಿರಾಕಿ ಮುಖ ಕಿವುಚಿದರೆ ತಡೆಯುವುದಿಲ್ಲ. ಎದ್ದು ಬಂದರು.

"ಎಂತ ಮಾರಾಯ್ರೆ, ದೋಸೆ ಸರಿ ಇಲ್ವಾ?"

"ದೋಸಿ ಛಲೋ ಅದ. ಹಲ್ಲು ಖರಾಬ್ ಆಗ್ಯದ."

"ಮಗಳೇ ಡಾಕ್ಟ್ರು ಉಂಟಲ್ಲ, ಮತ್ತೆ ನಿಮಗೆ ಎಂತದು ಚಿಂತೆ?"

"ಅದೇ ಚಿಂತಿ," ಎಂದರು ರೇವಣಪ್ಪನವರು. ಎಲ್ಲವನ್ನೂ ಹೇಳಿದರು. ಭುಜಂಗ ತಲೆ ಕೆರೆದುಕೊಂಡರು. ಅವರ ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುವ ಅತುಲ್ ಎಂಬ ಹಲ್ಲಿನ ಡಾಕ್ಟರಿದ್ದರು, ಒಳ್ಳೆಯ ಅನುಭವಸ್ಥರು. "ಅವರ ಕೈ ಭಾರೀ ಹಗುರ. ಒಂದೇ ಒಂದು, ಅವರು ಮಾತಾಡುವುದು ಬಹಳ ಕಡಿಮೆ," ಎಂದರು ಭುಜಂಗ.

"ನಡೀತದ. ನಾ ಮಾತಾಡ್ತೀನಲ್ಲ," ಎಂದರು ರೇವಣಪ್ಪನವರು.

ಆ ಮಾತನ್ನು ಅವರು ಉಳಿಸಿಕೊಂಡರು. ಡಾಕ್ಟರ್ ಅತುಲ್ ಮೊದಲ ಸಲ ಹಲ್ಲಿನ ಬೇರಿನೊಳಗಿನ ಕೊಳೆತ ನರ ತೆಗೆದು ಶುಚಿ ಮಾಡಿದರು. ರೇವಣಪ್ಪನವರಿಗೆ ತಾವಂದುಕೊಂಡಿದ್ದರ ಕಾಲು ಭಾಗವೂ ನೋವಾಗಲಿಲ್ಲ. ತೊಂದರೆ ಶುರುವಾದದ್ದು ಎರಡನೆಯ ಸಲ, ಶುಚಿಯಾದ ಬೇರನ್ನು ತುಂಬಿ ಮುಚ್ಚುವ ಹೊತ್ತಿಗೆ. ಬೇರಿನ ನಾಳದೊಳಗೆ ರಬ್ಬರಿನಂಥ ಸಣ್ಣ ಕಡ್ಡಿ ಇಟ್ಟು, ಸುತ್ತಲಿನ ಸಂದಿಗೆ ಎರಡು ಟ್ಯೂಬುಗಳಿಂದ ಹಿಂಡಿ ಕಲಸಿದ ಅಂಟು ತುಂಬುತ್ತಾರೆ. ಅಂಟಿಗೆ ಸೀಲರ್ ಎಂದು ಹೆಸರು. ಆ ಕಲಸುವಿಕೆಯನ್ನು ನೋಡಿದ್ದೇ ತಡ, ರೇವಣಪ್ಪನವರೊಳಗೆ ಮಲಗಿದ್ದ ಇನ್ಸ್‌ಪೆಕ್ಟರ್ ಎದ್ದು ಕೂತ. ತವರಿನ ಭಾಷೆ ಕೇಳಿದ ಹಾಗಾಯಿತು ಅವರಿಗೆ.

ಡಾಕ್ಟರು ತುಂಬಿ ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಬೇರಿನೊಳಗೆ ಬಿಳಿ ಗೆರೆ ನೇರವಾಗಿ ಇಳಿದು ತುದಿಗೆ ಕೂದಲೆಳೆಯಷ್ಟು ಮುಂಚೆ ನಿಂತಿತ್ತು. "ಝಾಲಂ ಕಾಕಾ," ಆಯಿತು ಎಂದರು ಡಾಕ್ಟರು.

ರೇವಣಪ್ಪನವರು ಒಂದು ಬೆರಳೆತ್ತಿದರು. ಮರಗಟ್ಟಿದ ತುಟಿಯಿಂದಲೇ, ಅಚ್ಚ ಮರಾಠಿಯಲ್ಲಿ, ತುದಿಯಲ್ಲಿ ಅಂಟು ಹೊರಗೆ ಬಂದದ್ದು ಕಾಣುತ್ತಿಲ್ಲವಲ್ಲ ಎಂದು ಕೇಳಿದರು. ಬರಬಾರದು, ಅಲ್ಲೇ ನಿಲ್ಲಬೇಕು, ಆಚೆ ಜೀವವಿದೆ ಎಂದರು ಡಾಕ್ಟರು. ಹಾಗಿದ್ದರೆ ಒಳಗೆ ಪೊಳ್ಳಿಲ್ಲವೆನ್ನುವುದಕ್ಕೆ ಪುರಾವೆ ಏನು ಎಂದರು ಇವರು. ಎಕ್ಸ್‌ರೇಯೇ ಪುರಾವೆ ಎಂದರು ಅವರು. ಎಕ್ಸ್‌ರೇ ನೆರಳು ಮಾತ್ರ, ನೆರಳನ್ನು ನಂಬಿ ಯಾರೂ ವಿಮಾನ ಹಾರಿಸುವುದಿಲ್ಲ ಎಂದರು ಇವರು. ಅಲ್ಲಿಂದ ಶುರುವಾಯಿತು ನೋಡಿ. ಟ್ಯಾಂಕು, ರೆಕ್ಕೆ, ಎತ್ತರಕ್ಕೆ ಹೋದಂತೆ ಬದಲಾಗುವ ಒತ್ತಡ, ಇವರು ಹಿಡಿದ ಸೋರಿಕೆಗಳು, ಇವರು ಬರುವ ಮುಂಚೆ ಯಾರೋ ಪಾಸು ಮಾಡಿ ಫಜೀತಿ ಪಟ್ಟದ್ದು. ಹೊರಗೆ ಬೆಂಚಿನ ಮೇಲೆ ರೋಗಿಗಳು ಹೆಚ್ಚುತ್ತಿದ್ದರು. ಡಾಕ್ಟರಿಗೆ ಊಟದ ಹೊತ್ತು ಮೀರಿತ್ತು. ಮಿತಭಾಷಿಗಳ ಕಷ್ಟವೇ ಇದು, ವಾದ ಮಾಡುವುದಕ್ಕಿಂತ ಹೇಳಿದ್ದು ಮಾಡಿ ಮುಗಿಸುವುದು ಅವರಿಗೆ ಸುಲಭವೆನಿಸುತ್ತದೆ.

ಆ ಡಾಕ್ಟರನ್ನು ಬೈಯಬೇಕು ಅಂತ ನಿಮಗನಿಸಬಹುದು. ಬೈಯಿರಿ, ಆದರೆ ಒಮ್ಮೆ ರೇವಣಪ್ಪನವರ ಎದುರು ಅರ್ಧ ತಾಸು ಕೂತು ಬಂದು ಆಮೇಲೆ ಬೈಯಿರಿ. ಅತುಲ್ ನಿಟ್ಟುಸಿರು ಬಿಟ್ಟು, ನೋವಾದರೆ ನನ್ನನ್ನು ಕೇಳಬೇಡಿ ಎಂದು ಹೇಳಿ, ಇನ್ನೊಂದಿಷ್ಟು ಅಂಟು ಹಾಕಿ ಒತ್ತಿದರು. ಮತ್ತೆ ಎಕ್ಸ್‌ರೇ ತೆಗೆದಾಗ ಬೇರಿನ ತುದಿಯಾಚೆ ಹತ್ತಿಯ ಉಂಡೆಯಂಥ ಬಿಳುಪು ಉಕ್ಕಿ ಕೂತಿತ್ತು. ರೇವಣಪ್ಪನವರು ಅದನ್ನು ಕಣ್ತುಂಬ ನೋಡಿದರು.

"ಈಗ ಪಾಸು," ಎಂದರು.

ಮರುದಿನ ಬೆಳಿಗ್ಗೆ ಅವರ ಬಲಗೆನ್ನೆ ಊದಿಕೊಂಡು ಕಣ್ಣಿನ ತನಕ ಬಂದಿತ್ತು. ಹಲ್ಲು ಕಚ್ಚಿಕೊಂಡು ಸಹಿಸೋಣವೆಂದರೆ ಆ ಹಲ್ಲನ್ನೇ ಕಚ್ಚುವಂತಿರಲಿಲ್ಲ. ಚಹಾ ತಂದ ಶಾಂತಾಬಾಯಿ ಬಾಗಿಲಲ್ಲೇ ನಿಂತರು.

"ಇದೇನ್ರಿ, ಬಾಯಾಗ ಲಿಂಬಿಕಾಯಿ ಇಟ್ಕೊಂಡು ಮಲ್ಗೀರೇನು?"

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ರೇವಣಪ್ಪನವರು ಒಪ್ಪಿಕೊಂಡರು. ಶಾಂತಾಬಾಯಿ ಚಹಾದ ಕಪ್ಪನ್ನು ಅವರ ಕೈಗೆ ಎಟುಕದಷ್ಟು ದೂರದಲ್ಲಿಟ್ಟು ಕೂತರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ನಿಮ್ಮ ಹಲ್ಲು ಹಾಳಾಗಿ ಹೋಗ್ಲಿ. ಆ ಕೂಸಿಗಿ ಏನ್ ಹೇಳ್ತೀರಿ?"

"ಏನೂ ಹೇಳಾದಿಲ್ಲ. ಬಾವು ಇಳಿಯೋತನ ಅಕಿ ಕಣ್ಣಿಗಿ ಬೀಳಾದಿಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ವೈಷ್ಣವಿಯೇ. ಶಾಂತಾಬಾಯಿ ಬೇಕೆಂತಲೇ ಸ್ಪೀಕರ್ ಹಾಕಿ ಫೋನನ್ನು ಮಂಚದ ಮೇಲಿಟ್ಟರು. ಹುಟ್ಟಿ ಬೆಳೆದದ್ದೆಲ್ಲ ಓಝರ್‌ನಲ್ಲೇ ಆದ್ದರಿಂದ ವೈಷ್ಣವಿಯ ಕನ್ನಡ ಯಾವಾಗ ಮರಾಠಿಗೆ ಜಾರಿ ಯಾವಾಗ ಮರಳುತ್ತದೆಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ.

"ಆಯೀ, ಸೋಮವಾರ ನಮ್ಮಲ್ಲಿ ರಿಸರ್ಚ್ ಡೇ ಅದ. ಪೇರೆಂಟ್ಸ್‌ಗೂ ಬೋಲಾವ್ಲಂಯ. ನಂದು ಪೇಪರ್ ಅದ. ರೂಟ್ ಕೆನಾಲ್‌ದಾಗ ಸೀಲರ್ ಹಾಕ್ತಾರಲ್ಲ, ಅದು ಬೇರಿನ ಹೊರಗ ಹೋದ್ರ ಸುತ್ತ ಇರೋ ಪೇಶಿಗಳಿಗಿ ಕಿತೀ ಸೂಜ್ ಬರ್ತದ, ಅದರ ಮ್ಯಾಲೆ. ಅಪ್ಪಾ ಬರ್ಲೇಬೇಕು. ಅಪ್ಪಾ ಬರ್ದಿದ್ರ ನಾ ಸ್ಟೇಜ್ ಮ್ಯಾಲೆ ಹೋಗಾದಿಲ್ಲ."

ಮರಾಠಿಯಲ್ಲಿ ಪೇಶಿ ಎಂದರೆ ಜೀವಕೋಶ, ಸೂಜ್ ಎಂದರೆ ಬಾವು. ಶಾಂತಾಬಾಯಿ ಗಂಡನ ಕೆನ್ನೆಯನ್ನೇ ನೋಡುತ್ತ, "ಬರ್ತಾರವ್ವ. ಅವರು ಬರ್ಲೇಬೇಕಾದ ಕಾರ್ಯಕ್ರಮ ಅದು," ಎಂದರು.

ರೇವಣಪ್ಪನವರು ಹೊದಿಕೆಯನ್ನು ಕೆನ್ನೆಯ ತನಕ ಎಳೆದುಕೊಂಡರು. ಹೋಗದಿದ್ದರೆ ಮಗಳಿಗೆ ನೋವು, ಹೋದರೆ ಇನ್ನೂ ದೊಡ್ಡ ನೋವು. ಡಾಕ್ಟರ್ ಅತುಲ್ ಕೊಟ್ಟ ಗುಳಿಗೆಗಳಿಂದ ಭಾನುವಾರದ ಹೊತ್ತಿಗೆ ಬಾವು ಕಣ್ಣನ್ನು ಬಿಟ್ಟುಕೊಟ್ಟಿತಾದರೂ ಕೆನ್ನೆಯನ್ನು ಬಿಡಲಿಲ್ಲ. ಉಪಾಯ ಹೇಳಿಕೊಟ್ಟವರು ಭುಜಂಗ. ಅವರ ಭಾವನ ಹೋಟೆಲು ಸಂಭಾಜಿನಗರದಲ್ಲಿತ್ತು, ಹೇಗೂ ಹೋಗುವುದಿತ್ತು, ಕಾರಿನಲ್ಲಿ ಕರೆದೊಯ್ಯುವುದಾಗಿಯೂ ಒಪ್ಪಿದರು.

"ಒಂದು ಮಫ್ಲರ್ ಸುತ್ತಿಕೊಳ್ಳಿ, ಕಿವಿಗೆ ಗಾಳಿ ಹೊಕ್ಕಿದೆ ಅಂತ ಹೇಳುವ. ಬಾಯಿ ತೆರೆದ್ರೆ ಮಾತ್ರ ಅವಳು ಹಿಡಿದುಬಿಡ್ತಾಳೆ. ಶ್ರಾವಣ ಸೋಮವಾರ ಅಲ್ವಾ? ಮೌನವ್ರತ ಅಂತ ಮಾಡಿ."

"ಲಗ್ನ ಆದಾಗಿಂದ ಈ ಮನುಷ್ಯಾ ಸುಮ್ನ ಕುಂತಿದ್ದು ನಾ ನೋಡಿಲ್ಲ," ಎಂದರು ಶಾಂತಾಬಾಯಿ. "ಮಗಳು ನಂಬ್ತಾಳಂತ ಮಾಡೀರೇನು? ನಾ ಮಾತ್ರ ಸುಳ್ಳು ಹೇಳಾದಿಲ್ಲ. ಹೇಳಾದಿದ್ರ ಅವರ ಬಾಯಿಂದ್ಲೇ ಹೇಳ್ಲಿ, ಮೌನ ಅದ ಅಂತ."

ಸೋಮವಾರ ನಸುಕಿನಲ್ಲೇ ಹೊರಟರು. ಯೇವಲಾ ದಾಟುವ ತನಕ ರಸ್ತೆ ಚೆನ್ನಾಗಿಯೇ ಇತ್ತು, ವೈಜಾಪುರದ ಹತ್ತಿರ ಮಳೆಗೆ ಕಿತ್ತುಹೋಗಿತ್ತು. ಒಂದೊಂದು ಗುಂಡಿಗೂ ರೇವಣಪ್ಪನವರ ಹಲ್ಲು ಪ್ರತ್ಯೇಕವಾಗಿ ಉತ್ತರ ಕೊಟ್ಟಿತು. ಅವರು ಮಾತ್ರ ಅಭ್ಯಾಸಕ್ಕಿರಲಿ ಎಂದು ಮೌನವನ್ನು ಕಾರಿನಲ್ಲೇ ಶುರುಮಾಡಿದ್ದರು. ಭುಜಂಗ ಎಡಗಡೆಯಿಂದ ಓವರ್‌ಟೇಕ್ ಮಾಡಿದಾಗ ಅವರ ಬಾಯಿ ತಂತಾನೆ ತೆರೆಯಿತು, ಶಾಂತಾಬಾಯಿ ಹಿಂದಿನಿಂದ ಭುಜ ತಟ್ಟಿದರು, ಮತ್ತೆ ಮುಚ್ಚಿತು. ನಿಜ ಹೇಳಬೇಕೆಂದರೆ ಶಾಂತಾಬಾಯಿಗೆ ಅಷ್ಟು ನೆಮ್ಮದಿಯ ಪ್ರಯಾಣ ಹಿಂದೆಂದೂ ಆಗಿರಲಿಲ್ಲ.

ಕಾಲೇಜಿನ ಬಾಗಿಲಲ್ಲೇ ವೈಷ್ಣವಿ ಕಾದಿದ್ದಳು. ಅಮ್ಮ ಕೊಡಿಸಿದ ಪೈಠಣಿ ಸೀರೆ, ಅದರ ಮೇಲೆ ಬಿಳಿ ಕೋಟು, ಕೈಯಲ್ಲಿ ಸುಮ್ಮನೆ ತಿರುವುತ್ತಿದ್ದ ಪೆನ್‌ಡ್ರೈವ್. ಅಪ್ಪನನ್ನು ನೋಡಿ ಮುಖ ಅರಳಿತು, ಮಫ್ಲರ್ ನೋಡಿ ಹುಬ್ಬು ಗಂಟಾಯಿತು.

"ಅಪ್ಪಾ, ಹೇ ಕಾಯ್?"

ರೇವಣಪ್ಪನವರು ತುಟಿಯ ಮೇಲೆ ಬೆರಳಿಟ್ಟು ಆಮೇಲೆ ಆಕಾಶ ತೋರಿಸಿದರು.

"ಕಿವಿಗೆ ಗಾಳಿ. ಮತ್ತೆ ಶ್ರಾವಣದ ಮೌನವ್ರತ ಉಂಟು," ಎಂದರು ಭುಜಂಗ.

"ಮೌನ ಇದ್ದೋರು ನಿಮಗ ಹೆಂಗ ಹೇಳಿದ್ರು ಅಂಕಲ್?"

"ಅದು ಹೊರಡುವಾಗ ಹೇಳಿದ್ದು. ಆಮೇಲೆ ಶುರು ಆದದ್ದು."

ವೈಷ್ಣವಿ ಅಮ್ಮನನ್ನು ನೋಡಿದಳು. ಶಾಂತಾಬಾಯಿ ಮಗಳ ಸೀರೆಯ ಸೆರಗು ಸರಿಪಡಿಸುವುದರಲ್ಲಿ ತುಂಬ ಮಗ್ನರಾಗಿದ್ದರು. ಒಳಗಿಂದ ಯಾರೋ ಅವಳ ಹೆಸರು ಕರೆದರು, ಅವಳು ಓಡಿದಳು. ಗೆದ್ದೆವೆಂದು ರೇವಣಪ್ಪನವರು ಮೂರನೆಯ ಸಾಲಿನಲ್ಲಿ ಕೂತು ಬೆವರು ಒರೆಸಿಕೊಂಡರು.

ವೇದಿಕೆಯ ಮೇಲೆ ನಿಂತ ಹುಡುಗಿ ಬೇರೆಯೇ ಆಗಿದ್ದಳು. ಪೆನ್‌ಡ್ರೈವ್ ತಿರುವುತ್ತಿದ್ದ ಕೈ ಈಗ ಪರದೆಯ ಮೇಲಿನ ಚಿತ್ರಗಳನ್ನು ನಿರಾಳವಾಗಿ ತೋರಿಸುತ್ತಿತ್ತು. ಹಲ್ಲಿಗೆ ತಂತಿ ಹಾಕಿಸಿಕೊಳ್ಳಲು ಬಂದವರ ಬಾಯಲ್ಲಿ ಜಾಗ ಮಾಡಲು ಕಿತ್ತ ಆರೋಗ್ಯವಂತ ಹಲ್ಲುಗಳನ್ನು ಅವಳು ಬೇಡಿ ತಂದಿದ್ದಳು. ಹಲ್ಲಿನ ಬೇರನ್ನು ದವಡೆಯ ಎಲುಬಿಗೆ ಹಿಡಿದಿಡುವ ತೆಳು ಪೊರೆಯೊಂದಿರುತ್ತದೆ. ಅದರಿಂದ ಜೀವಕೋಶಗಳನ್ನು ಬಿಡಿಸಿ, ಪುಟ್ಟ ತಟ್ಟೆಗಳಲ್ಲಿ ಬೆಚ್ಚಗಿಟ್ಟು, ತಪ್ಪದೆ ಆಹಾರ ಹಾಕಿ ಬೆಳೆಸಿದ್ದಳು. ಆಮೇಲೆ ಆ ಸಾಕಿದ ಕೋಶಗಳ ಮೇಲೆ ಬೇರೆ ಬೇರೆ ಸೀಲರ್‌ಗಳ ಸತ್ವ ಬಿಟ್ಟು, ಅವು ಏನೆನ್ನುತ್ತವೆಂದು ನೋಡಿದ್ದಳು. ಕೋಶಗಳಿಗೆ ಬಾಯಿಲ್ಲ. ತೊಂದರೆಯಾದರೆ ಅವು ಕೆಲವು ರಾಸಾಯನಿಕಗಳನ್ನು ಹೊರಗೆ ಬಿಡುತ್ತವೆ, ಅವೇ ಅವುಗಳ ಕೂಗು. ಆ ಕೂಗು ಕೇಳಿ ದೇಹ ರಕ್ತ, ನೀರು, ಪಡೆಯನ್ನೆಲ್ಲ ಅಲ್ಲಿಗೆ ಕಳಿಸುತ್ತದೆ. ಅದೇ ಬಾವು.

ರಾಳದ ಜಾತಿಯ ಅಂಟು ಹಸಿಯಾಗಿದ್ದಾಗ ಕೋಶಗಳು ಎಲ್ಲಕ್ಕಿಂತ ಜೋರಾಗಿ ಕೂಗಿದ್ದವು, ಕೆಲವಂತೂ ಸತ್ತೇ ಹೋಗಿದ್ದವು. ಲವಂಗದೆಣ್ಣೆಯ ಅಂಟಿಗೂ ಅವು ಸುಮ್ಮನಿರಲಿಲ್ಲ. ಸಿಮೆಂಟಿನ ಜಾತಿಯ ಹೊಸ ಅಂಟಿಗೆ ಸ್ವಲ್ಪ ಗೊಣಗಿ ಹೊಂದಿಕೊಂಡಿದ್ದವು. ಆದರೆ ಅಂಟು ಒಣಗಿ ಗಟ್ಟಿಯಾದಂತೆಲ್ಲ, ರಾಳದ ತಟ್ಟೆಯಲ್ಲೂ ಕೂಗು ಇಳಿಯುತ್ತ ಬಂದಿತ್ತು. ಇಷ್ಟನ್ನು ಹೇಳಿ ವೈಷ್ಣವಿ ಒಂದು ಎಕ್ಸ್‌ರೇ ತೋರಿಸಿದಳು. ಬೇರು, ಬಿಳಿ ಗೆರೆ, ತುದಿಯಾಚೆ ಹತ್ತಿಯುಂಡೆಯಂಥ ಬಿಳುಪು, ಅದರತ್ತ ಒಂದು ಕೆಂಪು ಬಾಣ. ಹೀಗೆ ಆಗದಂತೆ ನೋಡಿಕೊಳ್ಳಬೇಕು ಎಂದಳು.

ರೇವಣಪ್ಪನವರಿಗೆ ಕುರ್ಚಿ ಕುಸಿದಂತಾಯಿತು. ಅವರು ಕಣ್ತುಂಬ ನೋಡಿ ಪಾಸು ಮಾಡಿದ್ದು ಅದನ್ನೇ. ಟ್ಯಾಂಕಿನ ಜೋಡಣೆಯಾಚೆ ಇರುವುದು ಬರೀ ತಗಡು, ಅಂಟು ಅಲ್ಲಿಗೆ ಉಕ್ಕಿದರೆ ಯಾರೂ ಕೂಗುವುದಿಲ್ಲ. ಇಲ್ಲಿ ಆಚೆ ಇದ್ದದ್ದು ತಾವೇ. ಅಷ್ಟು ಸಣ್ಣ ವಿಷಯ ತಮ್ಮ ದೊಡ್ಡ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಮಫ್ಲರಿನೊಳಗೆ ಕೆನ್ನೆ ಮಿಡಿಯುತ್ತಿತ್ತು.

ಚಪ್ಪಾಳೆ ಮುಗಿದ ಮೇಲೆ ಪುಣೆಯಿಂದ ಬಂದಿದ್ದ ತೀರ್ಪುಗಾರ್ತಿ, ಬೆಳ್ಳಿಕೂದಲಿನ ಹಿರಿಯ ಪ್ರೊಫೆಸರ್, ಮೈಕು ಹಿಡಿದರು. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಇಷ್ಟು ತಾಪತ್ರಯದ ವಿಷಯವನ್ನೇ ಯಾಕೆ ಆರಿಸಿಕೊಂಡೆ ಎಂದು ಕೇಳಿದರು. ಇಂಥ ಪ್ರಶ್ನೆಗೆ ವಿದ್ಯಾರ್ಥಿಗಳು ಸಮಾಜ, ಮಾನವಕುಲ ಎಂದೇನೋ ಹೇಳುತ್ತಾರೆ. ವೈಷ್ಣವಿ ಮೂರನೆಯ ಸಾಲಿನ ಕಡೆ ನೋಡಿದಳು. ಆಮೇಲೆ ಮರಾಠಿಯಲ್ಲಿ ಹೇಳಿದಳು.

"ಮ್ಯಾಡಮ್, ನಮ್ಮ ಅಪ್ಪ ವಿಮಾನ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಮೊದಲ ವರ್ಷ ನಾನು ಮನೆಗೆ ಹೋದಾಗ ಅವರ ಒಂದು ಹಲ್ಲು ಹುಳುಕಾಗುತ್ತಿರುವುದನ್ನು ನೋಡಿದೆ. ನಾನೇ ಮಾಡಿಕೊಡ್ತೀನಿ ಅಂದೆ. ಅವರು, ನೀನು ಒಳಗೆ ಹಾಕುವ ಮಾಲನ್ನು ನೀನೇ ಟೆಸ್ಟ್ ಮಾಡಿದ್ದೀಯಾ ಅಂದರು. ಕಂಪನಿಯವರು ಮಾಡಿರ್ತಾರೆ ಅಂದೆ. ಅದು ಕಂಪನಿಯ ಮಾತಾಯಿತು, ನಿನ್ನದಲ್ಲ ಅಂದರು. ಅದಕ್ಕೇ ಈ ವಿಷಯ ತೆಗೆದುಕೊಂಡೆ. ಈ ಸ್ಟಡಿ ನಿಜವಾಗಿ ಒಬ್ಬರೇ ಪೇಶಂಟಿಗಾಗಿ ಮಾಡಿದ್ದು. ಅವರು ಇನ್ನೂ ಬಂದಿಲ್ಲ. ಇನ್ನು ಬರಬಹುದು."

ಸಭೆ ನಕ್ಕಿತು. ರೇವಣಪ್ಪನವರು ನಗಲಿಲ್ಲ. ಆ ಮಾತನ್ನು ತಾವು ಆಡಿದ್ದು ಅವರಿಗೆ ನೆನಪೇ ಇರಲಿಲ್ಲ. ಆ ಹೊತ್ತಿಗೆ ಜಾರಿಕೊಳ್ಳಲು ಬಾಯಿಗೆ ಬಂದ ನೆಪವನ್ನು ಹೇಳಿದ್ದರು ಅಷ್ಟೇ. ಆ ನೆಪಕ್ಕೆ ಉತ್ತರ ಹುಡುಕುತ್ತ ಈ ಹುಡುಗಿ ಊರವರ ಹಲ್ಲು ಬೇಡಿ, ರಜೆಯಲ್ಲೂ ಮನೆಗೆ ಬಾರದೆ, ಕಣ್ಣಿಗೆ ಕಾಣದ ಕೋಶಗಳಿಗೆ ಅನ್ನ ಹಾಕುತ್ತ ಕೂತಿದ್ದಳು. ಅವರ ಕಣ್ಣು ತುಂಬಿತು. ಪಕ್ಕದಲ್ಲಿ ಶಾಂತಾಬಾಯಿ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, ಗಂಡನ ಕಡೆ ತಿರುಗಿ ಕೂಡ ನೋಡಲಿಲ್ಲ.

ರೇವಣಪ್ಪನವರು ಎದ್ದು ನಿಂತರು. ಭುಜಂಗ ಅಂಗಿ ಹಿಡಿದೆಳೆದರೂ ಕೂರಲಿಲ್ಲ. ಮಫ್ಲರನ್ನು ಬಿಚ್ಚಿ ಕೈಯಲ್ಲಿ ಹಿಡಿದರು. ತಿರುಗಿ ನೋಡಿದ ಸಭೆಯೆಲ್ಲ ಹಲ್ಲಿನ ಡಾಕ್ಟರುಗಳದ್ದೇ ಆದ್ದರಿಂದ ಯಾರಿಗೂ ಹೆಚ್ಚು ವಿವರಿಸಬೇಕಾಗಲಿಲ್ಲ. ವೈಷ್ಣವಿ ಮೈಕು ಹಿಡಿದುಕೊಂಡೇ ಇದ್ದಳು. ಅವಳ ಪ್ರಶ್ನೆ ಕನ್ನಡದಲ್ಲಿ ಇಡೀ ಹಾಲಿಗೆ ಕೇಳಿಸಿತು.

"ಅಪ್ಪಾ, ಯಾರು ಮಾಡಿದ್ರು?"

"ನಾಶಿಕದಾಗ ಒಬ್ಬರು. ಅವರದೇನೂ ತಪ್ಪಿಲ್ಲ, ಇನ್ನಷ್ಟು ತುಂಬ್ರಿ ಅಂತ ನಾನೇ ಗಂಟು ಬಿದ್ದೆ," ಎಂದರು ರೇವಣಪ್ಪನವರು. ಮುಂದಿನದು ಹೇಳಲು ಅವರಿಗೆ ಕಷ್ಟವಾಯಿತು. "ನಿನ್ನ ಕಡಿ ಬರ್ಲಾಕ ಹೆದ್ರಿದೆ. ನೀ ಇನ್ನಾ ಕಲೀಲತ್ತೀದಿ ಅಂತ. ಕಲೀಬೇಕಾದಾಂವ ನಾನಿದ್ದೆ."

ಅವಳ ಮುಖ ಒಂದು ಕ್ಷಣ ಚಿಕ್ಕ ಹುಡುಗಿಯದಾಯಿತು. ರೇವಣಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಏನು ನಡೆಯುತ್ತಿದೆ ಎಂದು ಪುಣೆಯ ಮ್ಯಾಡಮ್ ಕೇಳಿದರು. ವೈಷ್ಣವಿ ಅವರ ಕಡೆ ತಿರುಗಿ, "ಏನಿಲ್ಲ ಮ್ಯಾಡಮ್, ಒಂದು ಕೇಸು ಬಂದಿದೆ," ಎಂದು ಮೈಕು ಕೆಳಗಿಟ್ಟು ಇಳಿದು ಬಂದಳು.

ತನ್ನ ವಿಭಾಗಕ್ಕೆ ಕರೆದೊಯ್ದು, ಕುರ್ಚಿಯಲ್ಲಿ ಮಲಗಿಸಿ, ಎಕ್ಸ್‌ರೇ ತೆಗೆದಳು. ಬಾಗಿಲಲ್ಲಿ ಶಾಂತಾಬಾಯಿ, ಅವರ ಹಿಂದೆ ಅಪರಾಧಿಯ ಹಾಗೆ ಭುಜಂಗ. ವೈಷ್ಣವಿ ಪರದೆಯನ್ನು ತುಂಬ ಹೊತ್ತು ನೋಡಿದಳು. ಬೈಯಲಿ ಎಂದು ರೇವಣಪ್ಪನವರು ಕಾದರು. ಅವಳು ಬೈಯಲಿಲ್ಲ. ಎಲ್ಲ ರೋಗಿಗಳ ಜೊತೆ ಮಾತಾಡುವಂತೆ ನಯವಾಗಿ ಮಾತಾಡಿದಳು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

"ಇದನ್ನ ತಗದು ನೀ ಹೊಸದಾಗಿ ಮಾಡು," ಎಂದರು ರೇವಣಪ್ಪನವರು.

"ಗರಜ್ ಇಲ್ಲರಿ. ಒಳಗ ಸೀಲ್ ಛಲೋ ಆಗ್ಯದ. ಹೊರಗ ಹೋಗಿದ್ದು ಥೋಡಾ ಜಾಸ್ತಿ, ಆದ್ರ ಗಟ್ಟಿ ಆಗ್ಯದ. ಪೇಶಿಗಳು ಇನ್ನ ಶಾಂತ ಆಗ್ತಾವ, ಸೂಜೂ ಇಳೀತದ. ಆ ಡಾಕ್ಟರು ಕೊಟ್ಟ ಗೋಳಿ ಮುಂದುವರ್ಸ್ರಿ. ತಿಂಗಳಾದ ಮ್ಯಾಲೆ ನಾಶಿಕದಾಗೇ ಒಂದ್ ಎಕ್ಸ್‌ರೇ ತಗಸ್ರಿ. ನಾ ಮಾಡೋದು ಏನೂ ಇಲ್ಲ."

ಅವಳು ತಲೆಯ ಮೇಲಿನ ದೀಪ ಆರಿಸಿ, ಒಂದು ಕೈಗವಸು ಕಳಚಿದಳು. ಇಷ್ಟು ವರ್ಷ ಆ ಕುರ್ಚಿಯಿಂದ ತಪ್ಪಿಸಿಕೊಳ್ಳಲು ಒದ್ದಾಡಿದ ರೇವಣಪ್ಪನವರಿಗೆ ಈಗ ಅಲ್ಲಿಂದ ಏಳಲಾಗಲಿಲ್ಲ. ನಾ ಮಾಡೋದು ಏನೂ ಇಲ್ಲ ಎಂದ ಆ ದನಿಯನ್ನು ಹಾಗೇ ಬಿಟ್ಟು ಹೋಗುವಂತಿರಲಿಲ್ಲ. ಅವರು ನಾಲಿಗೆಯಿಂದ ಬಾಯಿಯನ್ನೆಲ್ಲ ತಡಕಾಡಿ, ಎಡಗಡೆಯ ಒಂದು ಹಲ್ಲಿನ ಮೇಲೆ ಬೆರಳಿಟ್ಟರು.

"ಇದನ್ನ ನೋಡು."

"ಅದಕ್ಕೇನಾಗ್ಯದ?"

"ಅದು ನನಗೆಂಗ ಗೊತ್ತಾಗ್ತದ. ಡಾಕ್ಟರು ನೀನು."

ವೈಷ್ಣವಿ ಮತ್ತೆ ದೀಪ ಹಾಕಿ ಬಗ್ಗಿ ನೋಡಿದಳು, ಸಣ್ಣ ಕಡ್ಡಿಯಿಂದ ತಟ್ಟಿದಳು. "ಈ ಹಲ್ಲು ಏಕದಮ್ ಛಲೋ ಅದ, ಅಪ್ಪಾ."

"ಛಲೋ ಹೆಂಗಿರ್ತದ," ಎಂದರು ರೇವಣಪ್ಪನವರು. "ಸಾವಕಾಶ ನೋಡು. ಅವಸರ ಮಾಡಬ್ಯಾಡ. ಅದರ ಬಾಜೂದೂ ನೋಡು. ಏನರ ಒಂದು ಸಿಕ್ಕೇ ಸಿಗ್ತದ. ಸಿಕ್ಕಿದ್ದು ನೀನೇ ಮಾಡು, ಎಷ್ಟು ಬೇಕೋ ಅಷ್ಟು ಮಾಡು. ನಾ ಏನೂ ಕೇಳಾದಿಲ್ಲ."

ಮಾಸ್ಕಿನ ಮೇಲೆ ಕಾಣುತ್ತಿದ್ದ ವೈಷ್ಣವಿಯ ಕಣ್ಣುಗಳು ನಗುತ್ತಿದ್ದವೋ ಅಳುತ್ತಿದ್ದವೋ, ಬಾಗಿಲಲ್ಲಿದ್ದವರಿಗೆ ತಿಳಿಯಲಿಲ್ಲ. ಕಳಚಿದ ಕೈಗವಸನ್ನು ಬುಟ್ಟಿಗೆ ಹಾಕಿ, ಹೊಸದೊಂದನ್ನು ತೊಟ್ಟು, ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತಳು. ರೇವಣಪ್ಪನವರು ಕಣ್ಣು ಮುಚ್ಚಿಕೊಂಡು, ಊದಿದ ಕೆನ್ನೆ ನೋಯುತ್ತಿದ್ದರೂ, ಬಾಯಿಯನ್ನು ಆದಷ್ಟೂ ಅಗಲವಾಗಿ ತೆರೆದರು.